ಮಡಚುವ ಸೈಕಲ್: ಮೊದಲು ಮೆಟ್ಟಿಲು ಎಣಿಸಿ

ಈ ಸಲ ಮಡಚುವ ಸೈಕಲ್ ಬಗ್ಗೆಯೇ ಜಾಸ್ತಿ ಪತ್ರಗಳು ಬಂದಿವೆ. ಹಾಗಾಗಿ ಇಡೀ ಅಂಕಣ ಅದಕ್ಕೇ ಬಿಟ್ಟಿದ್ದೇನೆ. ನಾನು ಹದಿನಾಲ್ಕು ವರ್ಷದಿಂದ ಮಡಚುವ ಸೈಕಲ್ ತುಳಿಯುತ್ತಿದ್ದೇನೆ. ಈಗ ನನ್ನ ಹತ್ತಿರ ಇರುವುದು ಮೂರನೆಯದು. ಮೊದಲನೆಯದೂ ಒಳ್ಳೆಯ ಸೈಕಲ್ಲೇ ಆಗಿತ್ತು, ಆದರೆ ನನಗೆ ಹೊಂದಲಿಲ್ಲ. ಅದು ಯಾಕೆ ಅಂತ ಮೊದಲ ಉತ್ತರದಲ್ಲೇ ಹೇಳುತ್ತೇನೆ.

ಪ್ರಶ್ನೆ: ನನ್ನ ಎತ್ತರ 5 ಅಡಿ 1 ಇಂಚು. ಮನೆಯಿಂದ ರೈಲು ನಿಲ್ದಾಣಕ್ಕೆ 3 ಕಿ.ಮೀ. ರೈಲು ಇಳಿದ ಮೇಲೆ ಆಫೀಸಿಗೆ ಇನ್ನೂ 2 ಕಿ.ಮೀ. ಎರಡು ಕಡೆಯೂ ಸೈಕಲ್ಲಲ್ಲೇ ಹೋಗುವ ಆಸೆ. 16 ಇಂಚಿನ ಚಕ್ರದ್ದು ತಗೊಳ್ಳಲಾ, 20 ಇಂಚಿನದ್ದಾ? ಅಂಗಡಿಯವರು 20 ಇಂಚಿನದ್ದೇ ಓಡಿಸೋಕೆ ಚೆನ್ನಾಗಿರುತ್ತೆ ಅನ್ನುತ್ತಾರೆ.

ಉತ್ತರ: ಅಂಗಡಿಯವರು ಹೇಳಿದ್ದು ನಿಜ. 20 ಇಂಚಿನ ಚಕ್ರ ಗುಂಡಿಗಳನ್ನು ಸುಲಭವಾಗಿ ದಾಟುತ್ತದೆ, ಹ್ಯಾಂಡಲ್ ಅಷ್ಟು ಚುರುಕಾಗಿ ಆ ಕಡೆ ಈ ಕಡೆ ತಿರುಗುವುದಿಲ್ಲ. ಆದರೆ ಅವರು ನೋಡಿದ್ದು ನೀವು ಸೈಕಲ್ ಮೇಲಿರುವ ಹೊತ್ತನ್ನು ಮಾತ್ರ. ಸೈಕಲ್ ನಿಮ್ಮ ಕೈಯಲ್ಲಿರುವ ಹೊತ್ತೂ ಇದೆ ಅಲ್ವಾ? ನಿಮ್ಮ ಲೆಕ್ಕ ನೋಡಿದರೆ ದಿನಕ್ಕೆ ನಾಲ್ಕು ಸಲ ಮಡಚಬೇಕು, ನಾಲ್ಕು ಸಲ ಬಿಡಿಸಬೇಕು. ನಿಲ್ದಾಣದಲ್ಲಿ ಎಷ್ಟು ಮೆಟ್ಟಿಲು? ಲಿಫ್ಟ್ ಇದೆಯಾ? ಮನೆ ಎಷ್ಟನೇ ಮಹಡಿ? ನಿಮ್ಮ ಪತ್ರದಲ್ಲಿ ಇದು ಯಾವುದೂ ಇಲ್ಲ. ಸೈಕಲ್ ಆರಿಸಬೇಕಾದ್ದು ಅಲ್ಲಿಂದಲೇ.

ನನ್ನ ಮೊದಲ ಸೈಕಲ್ 20 ಇಂಚಿನ ಚಕ್ರದ್ದು. ತೂಕ 13 ಕೆ.ಜಿ. ಅಂತ ಬರೆದಿತ್ತು. ನಾನು ಅದಕ್ಕೆ ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಬೀಗ, ದೀಪ ಎಲ್ಲ ಹಾಕಿಸಿದೆ. ತೂಗಿ ನೋಡಿದಾಗ 15 ಕೆ.ಜಿ. ದಾಟಿತ್ತು. ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ, 54 ಮೆಟ್ಟಿಲು. ಮೊದಲ ವಾರ ಹುಮ್ಮಸ್ಸಿನಲ್ಲಿ ಹೊತ್ತೆ. ಎರಡು ತಿಂಗಳಾಗುವ ಹೊತ್ತಿಗೆ ಅದನ್ನು ಕೆಳಗೆ ಕಂಬಕ್ಕೆ ಕಟ್ಟಿ ಬರುತ್ತಿದ್ದೆ. ರೈಲಿಗೂ ತಗೊಂಡು ಹೋಗುವುದನ್ನು ಬಿಟ್ಟೆ. ಹೊರುವ ಕಷ್ಟ ನೆನೆಸಿಕೊಂಡು ತುಳಿಯುವುದೇ ನಿಂತುಹೋಯಿತು. ಅದು ನನಗೆ ಇವತ್ತಿಗೂ ಬೇಸರದ ವಿಷಯ.

ಹಾಗಾಗಿ ಕೊಳ್ಳುವ ಮುಂಚೆ ಎರಡು ಕೆಲಸ ಮಾಡಿ. ಒಂದು, ಒಂದು ಗಟ್ಟಿ ಚೀಲದಲ್ಲಿ 12 ಲೀಟರ್ ನೀರಿನ ಬಾಟಲಿ ತುಂಬಿ. ಅದು 12 ಕೆ.ಜಿ. ಆಯಿತು. ಅದನ್ನು ಒಂದೇ ಕೈಯಲ್ಲಿ ಹಿಡಿದು ನಿಮ್ಮ ದಾರಿಯ ಎಲ್ಲ ಮೆಟ್ಟಿಲನ್ನೂ ಹತ್ತಿ ಇಳಿಯಿರಿ. ಒಂದು ದಿನ ಸಾಲದು, ಮೂರು ದಿನ ಮಾಡಿ. ಮೂರನೇ ದಿನದ ಸಂಜೆ ಭುಜ ಏನು ಹೇಳುತ್ತದೋ ಅದನ್ನು ನಂಬಿ. ಸೈಕಲ್ ಇದಕ್ಕಿಂತ ಕಷ್ಟ, ಯಾಕೆಂದರೆ ಅದು ಅಗಲ, ಮೊಣಕಾಲಿಗೆ ಬಡಿಯುತ್ತದೆ. ನಮ್ಮಂಥ ಕುಳ್ಳಗಿರುವವರಿಗೆ ಇನ್ನೊಂದು ತೊಂದರೆಯೂ ಇದೆ. ಕೈ ಇಳಿಬಿಟ್ಟು ಹಿಡಿದರೆ ಸೈಕಲ್ಲಿನ ಅಡಿ ಮೆಟ್ಟಿಲಿಗೆ ತಾಗುತ್ತದೆ. ಮೊಣಕೈ ಮಡಚಿಯೇ ಎತ್ತಬೇಕು, ಆಗ ಅದೇ ತೂಕ ಜಾಸ್ತಿ ಅನಿಸುತ್ತದೆ.

ಎರಡು, ರಟ್ಟಿನ ಪೆಟ್ಟಿಗೆಯನ್ನು ಮಡಚಿದ ಸೈಕಲ್ಲಿನ ಅಳತೆಗೆ ಕತ್ತರಿಸಿ ಅಂಟಿಸಿ. ಇಂಗ್ಲೆಂಡಿನ ಬ್ರಾಂಪ್ಟನ್ ಅನ್ನುವ ಕಂಪನಿಯ 16 ಇಂಚಿನ ಸೈಕಲ್ ಮಡಚಿದರೆ ಸುಮಾರು 65 ಸೆಂ.ಮೀ. ಉದ್ದ, 59 ಸೆಂ.ಮೀ. ಎತ್ತರ, 27 ಸೆಂ.ಮೀ. ದಪ್ಪ ಆಗುತ್ತದೆ. ಮಾಮೂಲಿ 20 ಇಂಚಿನದ್ದು 80, 65, 38 ಸೆಂ.ಮೀ. ಆಸುಪಾಸು ಬರುತ್ತದೆ. ಹೆಚ್ಚುಕಡಿಮೆ ಎರಡರಷ್ಟು ಜಾಗ. ಆ ಪೆಟ್ಟಿಗೆಯನ್ನು ಆಫೀಸಿನಲ್ಲಿ ನಿಮ್ಮ ಮೇಜಿನ ಕೆಳಗೆ ಇಟ್ಟು ನೋಡಿ. ಕಾಲು ಚಾಚಲು ಜಾಗ ಉಳಿಯಿತಾ?

ನೀವು ದಿನಾ ರೈಲು ಹತ್ತುವವರು, ಒಂದು ಕಡೆಗೆ ತುಳಿಯುವುದು ಬರೀ 5 ಕಿ.ಮೀ. ಮೆಟ್ಟಿಲು ಇದ್ದರೆ ನನ್ನ ಮಾತು 16 ಇಂಚಿನ ಕಡೆಗೇ. ಮೆಟ್ಟಿಲೇ ಇಲ್ಲ, ಎಲ್ಲ ಕಡೆ ಲಿಫ್ಟ್ ಇದೆ ಅನ್ನುವುದಾದರೆ 20 ಇಂಚಿನದ್ದೂ ಆದೀತು. ಆದರೆ ಮಡಚಿದ ಮೇಲೆ ಅದು ಉರುಳುತ್ತದಾ ಅಂತ ಅಂಗಡಿಯಲ್ಲೇ ತಳ್ಳಿ ನೋಡಿ. ಕೆಲವಕ್ಕೆ ಪುಟ್ಟ ಗಾಲಿ ಇರುತ್ತವೆ. ಕೆಲವನ್ನು ಸೀಟು ಮೇಲೆತ್ತಿ, ಅದನ್ನೇ ಹಿಡಿದು ತಳ್ಳಬಹುದು. ಕೆಲವು ಎರಡೂ ಮಾಡುವುದಿಲ್ಲ, ಹೊತ್ತುಕೊಂಡೇ ಹೋಗಬೇಕು. ಮಡಚಿದ ಎರಡು ಭಾಗ ಹೇಗೆ ಕೂಡಿಕೊಳ್ಳುತ್ತವೆ ಅಂತಲೂ ನೋಡಿ. ಬ್ರಾಂಪ್ಟನ್‌ನಲ್ಲಿ ಸೀಟಿನ ಕಂಬಿಯನ್ನು ಕೆಳಗಿಳಿಸಿದರೆ ಅದೇ ಬೀಗದ ಹಾಗೆ ಕೂರುತ್ತದೆ. ಎಷ್ಟೋ ಸೈಕಲ್‌ಗಳಲ್ಲಿ ಬರೀ ಅಯಸ್ಕಾಂತ ಹಿಡಿದಿರುತ್ತದೆ. ಅದು ಸವೆದರೆ ಅಥವಾ ಸರಿಯಾಗಿ ಜೋಡಿಯಾಗದಿದ್ದರೆ, ರೈಲು ಒಮ್ಮೆ ಜಗ್ಗಿದಾಗ ಬಿಚ್ಚಿಕೊಳ್ಳುತ್ತದೆ. ಅಂಥದ್ದಕ್ಕೆ ಒಂದು ಗಟ್ಟಿ ಪಟ್ಟಿ ಸುತ್ತಿಬಿಡಿ.

ಇನ್ನೊಂದು ಮಾತು. ಟೈರಿನ ಪಕ್ಕದಲ್ಲಿ ಬರೆದ ಸಂಖ್ಯೆ ಓದದೆ ಸೈಕಲ್ ಕೊಳ್ಳಬೇಡಿ. 16 ಇಂಚು ಅನ್ನುವುದರಲ್ಲೇ 305 ಮತ್ತು 349 ಅಂತ ಎರಡು ಅಳತೆ ಇವೆ. 20 ಇಂಚಿನಲ್ಲಿ 406 ಮತ್ತು 451. ಇವು ರಿಮ್ಮಿನ ಮಿಲಿಮೀಟರ್ ಲೆಕ್ಕ. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. 305 ಮತ್ತು 406 ಮಕ್ಕಳ ಸೈಕಲ್‌ಗಳಲ್ಲೂ ಇರುವುದರಿಂದ ಸುಲಭವಾಗಿ ಸಿಗುತ್ತವೆ. 349 ಅಥವಾ 451 ಕೊಂಡರೆ ಮನೆಯಲ್ಲಿ ಒಂದು ಟ್ಯೂಬು, ಒಂದು ಟೈರು ಎತ್ತಿಟ್ಟಿರಿ.

ಪ್ರಶ್ನೆ: ನಾನು 6 ಅಡಿ 2 ಇಂಚು ಎತ್ತರ, ತೂಕ 102 ಕೆ.ಜಿ. ಗೆಳೆಯನ ಮಡಚುವ ಸೈಕಲ್ ತುಳಿದಾಗ ಮಂಡಿ ಹ್ಯಾಂಡಲಿಗೆ ತಾಗುತ್ತಿತ್ತು. ನನ್ನಂಥವರಿಗೆ ಇದು ಆಗುವುದೇ ಇಲ್ವಾ?

ಉತ್ತರ: ಖಂಡಿತ ಆಗುತ್ತದೆ. ಬಹುಶಃ ಆ ಸೈಕಲ್ಲಿನ ಸೀಟು ನಿಮ್ಮ ಗೆಳೆಯರ ಎತ್ತರಕ್ಕೇ ಇತ್ತು. ಮೊದಲು ನಿಮ್ಮ ಅಳತೆ ತಗೊಳ್ಳಿ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ಒಂದು ದಪ್ಪ ಪುಸ್ತಕವನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿಯಿರಿ, ಸೀಟಿನ ಮೇಲೆ ಕೂತ ಹಾಗೆ. ನೆಲದಿಂದ ಪುಸ್ತಕದ ಮೇಲಂಚಿಗೆ ಎಷ್ಟಿದೆ ಅಂತ ಅಳೆದು 0.88ರಿಂದ ಗುಣಿಸಿ. 88 ಸೆಂ.ಮೀ. ಬಂದರೆ ಸುಮಾರು 77 ಆಯಿತು. ಪೆಡಲಿನ ಕೈಗಳು ಕೂಡುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ನಿಮಗೆ ಬೇಕಾದ ದೂರ ಅದು. ಐದಾರು ಮಿಲಿಮೀಟರ್ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ, ತುಳಿಯುತ್ತಾ ಸರಿಮಾಡಿಕೊಳ್ಳಬಹುದು.

ಆಮೇಲೆ ಅಂಗಡಿಗೆ ಟೇಪು ತಗೊಂಡು ಹೋಗಿ. ಸೀಟಿನ ಕಂಬಿಯ ಮೇಲೆ ಒಂದು ಗೆರೆ ಇರುತ್ತದೆ. ಅದಕ್ಕಿಂತ ಮೇಲೆ ಎಳೆಯಬಾರದು, ಎಳೆದರೆ ಕಂಬಿ ಬಾಗಬಹುದು, ಫ್ರೇಮೇ ಸೀಳಬಹುದು. ಆ ಗೆರೆವರೆಗೆ ಎತ್ತಿ ಅಳೆಯಿರಿ. 77 ಬಂತಾ ನೋಡಿ. ಬರದಿದ್ದರೆ ಉದ್ದದ ಕಂಬಿ ಸಿಗುತ್ತದಾ ಕೇಳಿ. ಬ್ರಾಂಪ್ಟನ್‌ಗೆ ಉದ್ದದ್ದೂ ಇದೆ, ಒಂದರೊಳಗೊಂದು ಸೇರುವಂಥದ್ದೂ ಇದೆ. ಉದ್ದದ ಕಂಬಿ ಹಾಕಿದರೆ ಮಡಚಿದಾಗ ಸೀಟು ಸ್ವಲ್ಪ ಮೇಲೆ ಉಳಿಯುತ್ತದೆ, ಅಷ್ಟೇ.

ಮಂಡಿ ತಾಗುವುದಕ್ಕೆ ಇನ್ನೊಂದು ಕಾರಣ ಸೀಟಿಗೂ ಹ್ಯಾಂಡಲಿಗೂ ನಡುವಿನ ದೂರ ಸಾಲದೆ ಇರುವುದು. ಮಾಮೂಲಿ ಸೈಕಲ್ಲಿನಲ್ಲಿ ಚಿಕ್ಕದು, ದೊಡ್ಡದು ಅಂತ ಫ್ರೇಮುಗಳಿವೆ. ಮಡಚುವ ಸೈಕಲ್ ಸಾಮಾನ್ಯವಾಗಿ ಒಂದೇ ಅಳತೆಯಲ್ಲಿ ಬರುತ್ತದೆ. ಹ್ಯಾಂಡಲನ್ನು ಮುಂದೆ ಹಿಂದೆ ಮಾಡುವ ಅವಕಾಶ ಕೆಲವು ಮಾದರಿಗಳಲ್ಲಿ ಮಾತ್ರ ಇದೆ. ನಿಮ್ಮಂಥ ಎತ್ತರದವರು ಅದನ್ನೇ ಹುಡುಕಬೇಕು. ಅಮೆರಿಕದ ಯುಜೀನ್‌ನಲ್ಲಿ ಬೈಕ್ ಫ್ರೈಡೇ ಅನ್ನುವ ಕಂಪನಿ ತುಳಿಯುವವರ ಅಳತೆ ನೋಡಿಯೇ ಮಡಚುವ ಸೈಕಲ್ ಮಾಡಿಕೊಡುತ್ತದೆ. ಮಾಂಟೇಗ್ ಅನ್ನುವ ಇನ್ನೊಂದು ಕಂಪನಿಯವರು ದೊಡ್ಡ ಚಕ್ರದ ಸೈಕಲ್ಲನ್ನೇ ಮಡಚುವ ಹಾಗೆ ಮಾಡಿದ್ದಾರೆ. ಕೂರುವುದಕ್ಕೆ ಅದು ಆರಾಮ, ಆದರೆ ಮಡಚಿದರೂ ದೊಡ್ಡದೇ. ಕಾರಿಗೆ ಸರಿ, ಜನ ತುಂಬಿದ ರೈಲಿಗೆ ಕಷ್ಟ.

ತೂಕದ ವಿಷಯ ದಯವಿಟ್ಟು ಹಗುರವಾಗಿ ತಗೋಬೇಡಿ. ಬ್ರಾಂಪ್ಟನ್ ಹೇಳುವ ಮಿತಿ 110 ಕೆ.ಜಿ. 105 ಕೆ.ಜಿ. ಮಿತಿಯ ಸೈಕಲ್‌ಗಳೂ ಬೇಕಾದಷ್ಟಿವೆ. ಬ್ರಾಂಪ್ಟನ್ ಹೇಳುವ 110ರಲ್ಲಿ ನಿಮ್ಮ ಚೀಲವೂ ಸೇರಿದೆ. ನೀವು 102, ಲ್ಯಾಪ್‌ಟಾಪ್ ಚೀಲ 6 ಅಂದರೆ 108 ಆಯಿತು. 105ರ ಸೈಕಲ್ ನಿಮಗೆ ಬೇಡ. ಇನ್ನೊಂದು, ಏರು ಬಂದಾಗ ಎದ್ದು ನಿಂತು ಹ್ಯಾಂಡಲ್ ಜಗ್ಗಿ ತುಳಿಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಹ್ಯಾಂಡಲಿನ ಉದ್ದ ಕಂಬಿಯ ಬುಡದಲ್ಲಿ ಮಡಿಚುವ ಕೀಲು ಇದೆ. ನೀವು ಜಗ್ಗಿದ ಜೋರೆಲ್ಲ ಅದರ ಮೇಲೆ ಬೀಳುತ್ತದೆ.

ಪ್ರಶ್ನೆ: ಚಕ್ರ ಚಿಕ್ಕದಾದರೆ ಜಾಸ್ತಿ ತುಳಿಯಬೇಕು ಅಲ್ವಾ? ನಮ್ಮ ದಾರಿಯಲ್ಲಿ ಏರು ಬೇರೆ ಇದೆ. ಎಷ್ಟು ಗೇರಿನದ್ದು ತಗೊಳ್ಳಲಿ?

ಉತ್ತರ: ನನಗೆ ಜಾಸ್ತಿ ಬರುವ ಪ್ರಶ್ನೆ ಇದೇ. ಲೆಕ್ಕ ಮಾಡಿ ನೋಡೋಣ. ದೊಡ್ಡ ಚಕ್ರದ ಸೈಕಲ್ಲಿನಲ್ಲಿ ಚೈನು ಕೂರುವ ಹಲ್ಲಿನ ಚಕ್ರಕ್ಕೆ ಮುಂದೆ 44 ಹಲ್ಲು, ಹಿಂದೆ 16 ಹಲ್ಲು ಅಂದುಕೊಳ್ಳಿ. ಪೆಡಲ್ ಒಂದು ಸುತ್ತು ಬಂದರೆ ಚಕ್ರ 2.75 ಸುತ್ತು. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಒಟ್ಟು 5.8 ಮೀಟರ್ ಮುಂದೆ ಹೋಯಿತು. ಈಗ 20 ಇಂಚಿನದ್ದು. ಸುತ್ತಳತೆ ಸುಮಾರು 1.5 ಮೀಟರ್. ಆದರೆ ಮುಂದೆ 52 ಹಲ್ಲು, ಹಿಂದೆ 13. ಒಂದು ತುಳಿತಕ್ಕೆ ಚಕ್ರ 4 ಸುತ್ತು, ಅಂದರೆ 6 ಮೀಟರ್. ಚಕ್ರ ಚಿಕ್ಕದಾದ ಕೊರತೆಯನ್ನು ಹಲ್ಲಿನ ಚಕ್ರ ತುಂಬಿಕೊಟ್ಟಿತು. ಮಡಚುವ ಸೈಕಲ್ಲಿನ ಮುಂದಿನ ಹಲ್ಲಿನ ಚಕ್ರ ಅಷ್ಟು ದೊಡ್ಡದಾಗಿ ಕಾಣುವುದು ಇದಕ್ಕೇ.

ಚಿಕ್ಕ ಚಕ್ರದಿಂದ ನಿಜವಾಗಿ ಆಗುವ ನಷ್ಟ ಬೇರೆ. ಅದು ಗುಂಡಿಯೊಳಗೆ ಜಾಸ್ತಿ ಇಳಿಯುತ್ತದೆ, ಸಣ್ಣ ಉಬ್ಬೂ ಬೆನ್ನಿಗೆ ಗೊತ್ತಾಗುತ್ತದೆ. ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ 1962ರಲ್ಲಿ ತಮ್ಮ ಚಿಕ್ಕ ಚಕ್ರದ ಸೈಕಲ್ ಹೊರತಂದಾಗ ಇದಕ್ಕಾಗಿಯೇ ಗಾಳಿ ಗಟ್ಟಿಯಾಗಿ ತುಂಬುವ ಟೈರಿನ ಜೊತೆ ರಬ್ಬರಿನ ಸಸ್ಪೆನ್ಷನ್ ಕೊಟ್ಟರು. ಅದು ಮಡಚುವ ಸೈಕಲ್ ಅಲ್ಲ, ಆದರೂ ಚಿಕ್ಕ ಚಕ್ರ ಅಂದರೆ ನಿಧಾನ ಅನ್ನುವ ಮಾತನ್ನು ಸುಳ್ಳು ಮಾಡಿತು. ಸಸ್ಪೆನ್ಷನ್ ಇಲ್ಲದ ಸೈಕಲ್ ಆದರೆ ಅಗಲ ಟೈರು ಹಾಕಿಸಿ, ಗಾಳಿಯನ್ನು ಕಲ್ಲಿನಂತೆ ತುಂಬಬೇಡಿ. ಟೈರಿನ ಮೇಲೆ ಬರೆದಿರುವ ಕನಿಷ್ಠ ಗರಿಷ್ಠದ ನಡುವೆ ನಿಮಗೆ ಹಿತ ಅನಿಸುವಷ್ಟು ಇಡಿ. ಚಿಕ್ಕ ಚಕ್ರ ಅಷ್ಟೇ ದೂರಕ್ಕೆ ಜಾಸ್ತಿ ಸುತ್ತುತ್ತದೆ, ಹಾಗಾಗಿ ಟೈರು ಬೇಗ ಸವೆಯುತ್ತದೆ. ಅದೊಂದು ಖರ್ಚು. ಲಾಭವೂ ಇದೆ. ಕಡ್ಡಿಗಳು ಗಿಡ್ಡ, ಆದ್ದರಿಂದ ಚಕ್ರ ಗಟ್ಟಿ. ಸಿಗ್ನಲ್ ಬಿಟ್ಟ ಕೂಡಲೇ ಚುರುಕಾಗಿ ಮುಂದೆ ಹೋಗುತ್ತದೆ.

ಗೇರು ಎಷ್ಟಿವೆ ಅಂತ ಕೇಳಬೇಡಿ, ಅತಿ ಹಗುರದ ಗೇರಿನಲ್ಲಿ ಒಂದು ತುಳಿತಕ್ಕೆ ಎಷ್ಟು ದೂರ ಅಂತ ನೋಡಿ. ಮುಂದೆ 52, ಹಿಂದಿನ ದೊಡ್ಡ ಹಲ್ಲಿನ ಚಕ್ರ 28 ಇದ್ದರೆ 2.8 ಮೀಟರ್. ನನಗೆ ಚೀಲ ಹೊತ್ತು ಏರು ಹತ್ತಲು ಅದು ಭಾರ. 32 ಹಲ್ಲಾದರೆ 2.4 ಮೀಟರ್, ಕೂತಲ್ಲೇ ಹತ್ತಬಹುದು. ಏಳು ಗೇರಿದ್ದರೂ ಹಗುರದ್ದು ಇಲ್ಲದಿದ್ದರೆ ಏರಿನಲ್ಲಿ ಇಳಿದು ತಳ್ಳುವುದೇ.

ಏರು ತೀರ ಕಡಿದಲ್ಲದಿದ್ದರೆ ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗೇ ಗೇರು ಇರುವ ಸೈಕಲ್ ನನಗೆ ಇಷ್ಟ. ಸ್ಟರ್ಮಿ ಆರ್ಚರ್ ಅನ್ನುವ ಕಂಪನಿಯ ಮಾಮೂಲಿ 3 ಗೇರಿನ ಹಬ್ಬಿನಲ್ಲಿ ಹಗುರದ್ದು ನಡುವಿನದ್ದಕ್ಕಿಂತ ಕಾಲು ಭಾಗ ಹಗುರ, ಭಾರದ್ದು ಮೂರನೇ ಒಂದು ಭಾಗ ಭಾರ. ನಿಂತಲ್ಲೇ ಗೇರು ಬದಲಿಸಬಹುದು. ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ, ಹೊರಗೆ ನೇತಾಡುವ ಡಿರೈಲರ್ ಇಲ್ಲ. ಚಿಕ್ಕ ಚಕ್ರದಲ್ಲಿ ಡಿರೈಲರ್ ನೆಲಕ್ಕೆ ತುಂಬ ಹತ್ತಿರ ಇರುತ್ತದೆ, ಮಡಚಿಟ್ಟಾಗ ಯಾರದಾದರೂ ಕಾಲು ತಾಗಿ ಬಾಗುತ್ತದೆ. ನನ್ನದು ಎರಡು ಸಲ ಬಾಗಿದೆ. ಹಬ್ ಗೇರಿನ ತೊಂದರೆ ಅಂದರೆ ಹಿಂದಿನ ಚಕ್ರ ಪಂಕ್ಚರ್ ಆದಾಗ ಬಿಚ್ಚುವುದು ನಿಧಾನ.

ಪ್ರಶ್ನೆ: ಮನೆ ನೆಲಮಹಡಿಯಲ್ಲಿದೆ, ಸೈಕಲ್ ನಿಲ್ಲಿಸಲು ಜಾಗ ಇದೆ. ದಿನಾ 11 ಕಿ.ಮೀ. ರಸ್ತೆಯಲ್ಲೇ ಹೋಗಿ ಬರುತ್ತೇನೆ. ಯಾವ ಮಡಚುವ ಸೈಕಲ್ ಒಳ್ಳೆಯದು?

ಉತ್ತರ: ನಿಮಗೆ ಮಾಮೂಲಿ ಸೈಕಲ್ಲೇ ಒಳ್ಳೆಯದು. ನೀವು ಎಲ್ಲಿಯೂ ಮಡಚುವುದಿಲ್ಲವಲ್ಲ. ಕೀಲಿನ ತೂಕವನ್ನು ಸುಮ್ನೆ ಯಾಕೆ ದಿನಾ ತುಳಿಯಬೇಕು?

ಪ್ರಶ್ನೆ: ಬಳಸಿದ ಮಡಚುವ ಸೈಕಲ್ ಒಂದು ಸಿಗುತ್ತಿದೆ. ನೋಡಲು ಹೊಸದರ ಹಾಗಿದೆ. ಏನೇನು ಪರೀಕ್ಷೆ ಮಾಡಬೇಕು?

ಉತ್ತರ: ಚೈನು, ಟೈರು, ಬ್ರೇಕಿನ ರಬ್ಬರು ಸವೆದಿದ್ದರೆ ಬದಲಿಸಬಹುದು. ಕೀಲು ಹಾಳಾಗಿದ್ದರೆ ಸೈಕಲ್ಲೇ ಹಾಳು. ಹಾಗಾಗಿ ಮೊದಲ ಹತ್ತು ನಿಮಿಷ ಕೀಲಿನ ಹತ್ತಿರವೇ ಕಳೆಯಿರಿ.

ಒಂದು ಒದ್ದೆ ಬಟ್ಟೆ, ಒಂದು ಟಾರ್ಚು ತಗೊಂಡು ಹೋಗಿ. ಫ್ರೇಮಿನ ನಡುವಿನ ಕೀಲು, ಹ್ಯಾಂಡಲ್ ಕಂಬಿಯ ಬುಡದ ಕೀಲು ಎರಡನ್ನೂ ಒರೆಸಿ. ಬೆಸುಗೆ ಹಾಕಿದ ಜಾಗದ ಅಂಚಿನಲ್ಲಿ ಬಣ್ಣದ ಮೇಲೆ ಕೂದಲಿನಂಥ ಗೆರೆ ಇದೆಯಾ ನೋಡಿ. ಬೆಳಕನ್ನು ಓರೆಯಾಗಿ ಬಿಡಿ, ಆಗ ಕಾಣುತ್ತದೆ. ನನ್ನ ಎರಡನೇ ಸೈಕಲ್ ಬಳಸಿದ್ದೇ ಆಗಿತ್ತು. ಕೀಲಿನ ಪಕ್ಕದಲ್ಲಿ ಚಂದದ ಒಂದು ಸ್ಟಿಕ್ಕರ್ ಇತ್ತು. ನಾನು ಅದನ್ನು ಕೀಳಲಿಲ್ಲ. ಐದು ವಾರ ಕಳೆದ ಮೇಲೆ ಮಳೆಗೆ ಅದೇ ಎದ್ದು ಬಂತು, ಅಡಿಯಲ್ಲಿ ಎರಡು ಬೆರಳಿನ ಅಗಲದಷ್ಟು ಉದ್ದದ ಬಿರುಕು. ಅದರ ಮೇಲೆ ನಾನು ಇಳಿಜಾರಿನಲ್ಲಿ ಎಷ್ಟು ಸಲ ಹೋಗಿದ್ದೆ ಅಂತ ನೆನೆದರೆ ಈಗಲೂ ಮೈ ನಡುಗುತ್ತದೆ. ಮಾರಿದವರಿಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಕೀಲಿನ ಹತ್ತಿರ ಸ್ಟಿಕ್ಕರ್ ಇದ್ದರೆ ಕೀಳಲು ಕೇಳಿ. ಒಪ್ಪದಿದ್ದರೆ ಅಲ್ಲಿಂದ ಬಂದುಬಿಡಿ. ಬಿರುಕು ಬಿಟ್ಟ ಅಲ್ಯೂಮಿನಿಯಂ ಫ್ರೇಮಿಗೆ ಯಾರೋ ಬೆಸುಗೆ ಹಾಕಿಕೊಡುತ್ತೇನೆ ಅಂದರೂ ಬೇಡ.

ಆಮೇಲೆ ಕೀಲಿನ ಚಿಲಕ ಹಾಕಿ ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿಯಿರಿ. ಇನ್ನೊಂದು ಕೈಯನ್ನು ಕೀಲಿನ ಮೇಲಿಟ್ಟು ಸೈಕಲ್ಲನ್ನು ಮುಂದೆ ಹಿಂದೆ ಆಡಿಸಿ. ಕೀಲಿನಲ್ಲಿ ಟಕ್ ಟಕ್ ಅಂತ ಬೆರಳಿಗೆ ತಿಳಿದರೆ ಅದು ಸಡಿಲ. ಕೆಲವು ಸಡಿಲ ಚಿಲಕದ ತಿರುಪು ಬಿಗಿ ಮಾಡಿದರೆ ಹೋಗುತ್ತದೆ. ಬಿಗಿ ಮಾಡಿದ ಮೇಲೂ ಉಳಿದರೆ ಕೀಲಿನ ಮೊಳೆಯೇ ಸವೆದಿದೆ. ಚಿಲಕ ಹಾಕುವಾಗ ಅಂಗೈಯಿಂದ ಒತ್ತುವಷ್ಟು ಬಿಗಿ ಇರಬೇಕು. ಒಂದೇ ಬೆರಳಿಗೆ ಕೂತುಬಿಟ್ಟರೆ ಅದು ದಾರಿಯಲ್ಲಿ ತಾನಾಗಿ ಬಿಚ್ಚಿಕೊಳ್ಳಬಹುದು. ಚಿಲಕ ತಾನಾಗಿ ತೆರೆಯದಂತೆ ತಡೆಯುವ ಎರಡನೇ ಕೊಕ್ಕೆ ಇರುತ್ತದೆ, ಅದು ಕೆಲಸ ಮಾಡುತ್ತದಾ ಅಂತಲೂ ನೋಡಿ.

ಸೀಟು ಏರಿಸಿ ಕೂತು ನೋಡಿ, ಕಂಬಿ ಮೆಲ್ಲಗೆ ಕೆಳಗೆ ಜಾರುತ್ತಿದೆಯಾ? ಎಣ್ಣೆ ಅಂಟಿದ್ದರೆ ಒರೆಸಿದರೆ ಸಾಕು. ಕೊನೆಗೆ ಸೈಕಲ್ಲನ್ನು ಐದು ಸಲ ನೀವೇ ಮಡಚಿ ಬಿಡಿಸಿ. ಮಾರುವವರು ಮಡಚಿ ತೋರಿಸಿದ್ದು ಲೆಕ್ಕಕ್ಕಿಲ್ಲ. ಪ್ರತಿ ಸಲವೂ ಬ್ರೇಕಿನ ತಂತಿ ಎಲ್ಲಿ ಬಾಗುತ್ತದೆ ಅಂತ ಗಮನಿಸಿ. ಒಂದೇ ಕಡೆ ಮುರಿದ ಹಾಗೆ ಬಾಗಿದ್ದರೆ ಆ ತಂತಿ ಬದಲಿಸಲೇಬೇಕು.

ಪ್ರಶ್ನೆ: ಅಪ್ಪನಿಗೆ 67 ವರ್ಷ. ಸೊಂಟ ನೋವಿನಿಂದ ಕಾಲು ಎತ್ತಿ ದಾಟಿಸಲು ಆಗುವುದಿಲ್ಲ. ಕಾರಿನಲ್ಲಿಟ್ಟುಕೊಂಡು ಹೋಗಿ ಪಾರ್ಕಿನಲ್ಲಿ ತುಳಿಯುವ ಆಸೆ ಅವರಿಗೆ.

ಉತ್ತರ: ಅವರ ಆಸೆ ನೆರವೇರಲಿ. ಡಾಕ್ಟರು ತುಳಿಯಬಹುದು ಅಂದಿದ್ದರೆ ಫ್ರೇಮಿನ ನಡುಭಾಗ ತೀರ ತಗ್ಗಾಗಿರುವ 20 ಇಂಚಿನದ್ದು ನೋಡಿ. ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಹತ್ತಿಸಿ ಇಳಿಸಿ. 16 ಇಂಚಿನದ್ದು ಅವರಿಗೆ ಬೇಡ. ಅದರ ಹ್ಯಾಂಡಲ್ ತುಂಬ ಚುರುಕು, ತಿರುಗುತ್ತೇನೆ ಅಂತ ತೋರಿಸಲು ಒಂದು ಕೈ ಬಿಟ್ಟರೆ ಹೊಸಬರಿಗೆ ಓಲಾಡುತ್ತದೆ. ಕಾರಿನ ಡಿಕ್ಕಿಯ ಒಳಗಿನ ಜಾಗ ಅಳೆದರೆ ಸಾಲದು, ಅದರ ಬಾಯಿಯ ಅಗಲ ಎತ್ತರವನ್ನೂ ಅಳೆಯಿರಿ. ಸೈಕಲ್ ಒಳಗೆ ಹಿಡಿಸಿದರೂ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಎತ್ತಿ ಇಡುವ ಕೆಲಸ ಮಾತ್ರ ನೀವೇ ಮಾಡಿ. ಬಗ್ಗಿ 13 ಕೆ.ಜಿ. ಎತ್ತುವುದು ಅವರ ಸೊಂಟಕ್ಕೆ ತುಳಿಯುವುದಕ್ಕಿಂತ ಕೆಟ್ಟದ್ದು.

ಪ್ರಶ್ನೆ: ಬ್ಯಾಟರಿ ಇರುವ ಮಡಚುವ ಸೈಕಲ್ ತಗೊಂಡರೆ ವಿಮಾನದಲ್ಲೂ ಒಯ್ಯಬಹುದಾ?

ಉತ್ತರ: ಬ್ಯಾಟರಿ ಸಮೇತ ಆಗುವುದಿಲ್ಲ. ಪ್ರಯಾಣಿಕರ ವಿಮಾನದಲ್ಲಿ ಲಿಥಿಯಂ ಬ್ಯಾಟರಿಯ ಸಾಮರ್ಥ್ಯ 100 ವಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ಬಿಡುತ್ತಾರೆ, 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕಿಂತ ದೊಡ್ಡದನ್ನು ಬಿಡುವುದಿಲ್ಲ. ಸೈಕಲ್ಲಿನ ಬ್ಯಾಟರಿ ಸಾಮಾನ್ಯವಾಗಿ 250ರ ಮೇಲೇ ಇರುತ್ತದೆ. ಬ್ಯಾಟರಿ ಮನೆಯಲ್ಲೇ ಬಿಟ್ಟು ಸೈಕಲ್ ಮಾತ್ರ ಒಯ್ಯಬಹುದು, ಆದರೆ ಮೋಟಾರಿನ ತೂಕ ಹೊತ್ತು ತುಳಿಯಬೇಕು. ವಿಮಾನವೇ ಮುಖ್ಯ ಅನ್ನುವುದಾದರೆ ಬ್ಯಾಟರಿ ಇಲ್ಲದ್ದನ್ನು ತಗೊಳ್ಳಿ. ಎಷ್ಟೋ ವಿಮಾನ ಕಂಪನಿಗಳು ಸಾಮಾನಿನ ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂ.ಮೀ. ದಾಟಬಾರದು ಅನ್ನುತ್ತವೆ. ಮೇಲೆ ಹೇಳಿದ ಬ್ರಾಂಪ್ಟನ್ ಅಳತೆ ಕೂಡಿದರೆ 151. ಪೆಟ್ಟಿಗೆ ತೆಳ್ಳಗಿನದ್ದಾಗಿದ್ದರೆ ಮಾತ್ರ ಹಿಡಿಸುತ್ತದೆ. 20 ಇಂಚಿನದ್ದು 183 ಆಗುತ್ತದೆ, ಮಿತಿಯನ್ನು ಆಗಲೇ ದಾಟಿತು. ಟಿಕೆಟ್ ತಗೊಳ್ಳುವ ಮುಂಚೆ ಕಂಪನಿಯವರನ್ನು ಕೇಳಿ, ಅವರು ಹೇಳಿದ್ದನ್ನು ಬರಹದಲ್ಲಿ ಇಟ್ಟುಕೊಳ್ಳಿ.